ಖಾಲಿ ಹೊಟ್ಟೆಯ ಮಾತ್ರೆಗಳು

ಫೆಬ್ರವರಿ 12, ಬೆಳಿಗ್ಗೆ

ಇವತ್ತು ವಾಂತಿ ಇಲ್ಲ. ಐದನೇ ತಿಂಗಳಿಗೆ ನಿಂತಿತು, ಸದ್ಯ. ಬಚ್ಚಲಲ್ಲಿ ನನ್ನ ಮಾತ್ರೆ ನುಂಗಿ ಹೊರಬಂದರೆ ಅತ್ತೆ ಲೋಟ ಹಿಡಿದು ನಿಂತಿದ್ದರು. ಕಬ್ಬಿಣದ್ದೊಂದು, ಕ್ಯಾಲ್ಸಿಯಂ ಒಂದು. ಕ್ಯಾಲ್ಸಿಯಂ ಅವರೇ ಮೆಡಿಕಲ್ ಶಾಪಿನಿಂದ ತಂದದ್ದು. "ಖಾಲಿ ಹೊಟ್ಟೆಗೆ ತಕಂಡ್ರೇ ಮೈಗೆ ಹಿಡೀತದೆ, ಮಗಾ." ಎದುರೇ ನುಂಗಬೇಕು. ನುಂಗಿದೆ. ಚಿಕ್ಕಮ್ಮನನ್ನು ಬಿಟ್ಟರೆ ಹೀಗೆ ಕೈಗೆ ನೀರು ಕೊಟ್ಟವರಿಲ್ಲ ನನಗೆ.

ನನಗಿರುವುದು ಎಚ್‌ಐವಿ ಎಂದು ಅವರಿಗೆ ಗೊತ್ತಿಲ್ಲ. ಹುಟ್ಟುವಾಗಲೇ ಅಮ್ಮನಿಂದ ಬಂದದ್ದು. ಪ್ರಮೋದ ಗೊತ್ತಿದ್ದೇ ಮದುವೆಯಾದ. ಅವನಿಗಿಲ್ಲ — ನನ್ನ ಮಾತ್ರೆ ಕೆಲಸ ಮಾಡುತ್ತಿರುವವರೆಗೆ ಬರುವುದೂ ಇಲ್ಲ.

ಮಾರ್ಚ್ 6

ಕುಮಟಾದ ಆಸ್ಪತ್ರೆಗೆ ಹೋಗಿ ರಿಪೋರ್ಟ್ ತಂದೆವು. ರಕ್ತದಲ್ಲಿ ವೈರಸ್ ಏರಿದೆ. ಇಷ್ಟು ವರ್ಷ ‘ಕಾಣುವಷ್ಟಿಲ್ಲ’ ಎಂದೇ ಬರುತ್ತಿತ್ತು. ಕೌನ್ಸಿಲರ್ ಗೀತಾಂಜಲಿ ಮೇಡಂ ಮೆಲ್ಲಗೆ ಕೇಳಿದರು, ಮಾತ್ರೆ ತಪ್ಪಿತಾ? ಇಲ್ಲ ಎಂದೆ. ನಂಬಿದರೋ ಏನೋ. ಹೀಗೇ ಇದ್ದರೆ ಮಗುವಿಗೂ…

ಬಸ್ಸಿನಲ್ಲಿ ಪ್ರಮೋದನೂ ಅದನ್ನೇ ಕೇಳಿದ. "ಖರೇ ಹೇಳು, ಬಿಟ್ಟಿದ್ಯ?" ಹಿರೇಗುತ್ತಿಯಲ್ಲಿ ಅವನನ್ನು ಕಾಯದೆ ಇಳಿದು ಮನೆಗೆ ನಡೆದೆ.

ಮಾರ್ಚ್ 8

ಮೇಡಂ ಫೋನ್. ಬೇರೆ ಏನೇನು ತಗೊಳ್ತೀ, ಒಂದೂ ಬಿಡದೆ ಹೇಳು — ಟಾನಿಕ್, ನಾಟಿ ಔಷಧ, ಗ್ಯಾಸಿನ ಸಿರಪ್. ಅತ್ತೆ ಕೊಡುವುದನ್ನು ಹೇಳಿದೆ.

"ಒಟ್ಟಿಗೇನಾ? ಖಾಲಿ ಹೊಟ್ಟೆಗಾ?"

ಅದೇ ಆಗಿತ್ತು. ಕ್ಯಾಲ್ಸಿಯಂ, ಕಬ್ಬಿಣ ನನ್ನ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಬಿಡುತ್ತವಂತೆ, ರಕ್ತಕ್ಕೆ ಬಿಡುವುದಿಲ್ಲವಂತೆ. ಯಾವುದನ್ನೂ ನಿಲ್ಲಿಸಬಾರದು. ನನ್ನದು ಮೊದಲು, ಅವು ಎರಡು ತಾಸಾದರೂ ಬಿಟ್ಟು. ಪ್ರಮೋದನಿಗೂ ಟೆಸ್ಟ್ ಆಗಲಿ ಎಂದರು.

ಪ್ರಮೋದ ಕೇಳಿಸಿಕೊಂಡು "ತಪ್ಪಾತು" ಎಂದ. ಅಷ್ಟೇ.

ಮಾರ್ಚ್ 9

ಬೆಳಿಗ್ಗೆ ಲೋಟ ಹಿಡಿದು ಬಂದ ಅತ್ತೆಗೆ, ಇವನ್ನು ಮಧ್ಯಾಹ್ನ ಊಟದ ಮೇಲೆ ತಗೊಳ್ತೇನೆ ಅಂದೆ. ಅತ್ತೆ ಒಪ್ಪಲಿಲ್ಲ. "ಯಾರಂದ್ರು ಹಂಗೆ?" ಸುಳ್ಳು ಹುಡುಕಿದೆ, ಸಿಗಲಿಲ್ಲ. ಹೇಳಿಬಿಟ್ಟೆ. ಎಲ್ಲ.

ಮನೆಯಿಂದ ಹೊರಹಾಕಿದರೆ ಚಿಕ್ಕಮ್ಮನಲ್ಲಿಗೆ ಹೋಗುವುದು ಎಂದು ಮನಸ್ಸಿನಲ್ಲೇ ಬ್ಯಾಗ್ ತುಂಬಿದ್ದೆ. ಅತ್ತೆ ಲೋಟ ಕೆಳಗಿಟ್ಟರು.

"ನನ್ ಕೈಯಾರೆ ಆತಾ ಇದು?"

ಮಾರ್ಚ್ 11

ಪ್ರಮೋದನ ರಿಪೋರ್ಟ್ — ಅವನಿಗಿಲ್ಲ. ಉಸಿರು ಬಂತು.

ನನ್ನ ಲೋಟ, ತಟ್ಟೆ ಅತ್ತೆ ಬೇರೆ ಇಟ್ಟಿದ್ದಾರೆ. ಪ್ರಮೋದ ಕೂಗಾಡಿದ. ಅತ್ತೆ ಅಳುತ್ತಲೇ ಪಾತ್ರೆ ತೊಳೆದರು. ಬೇರೆ ಬೇರೆಯಾಗಿಯೇ.

ಏಪ್ರಿಲ್ 24

ಮತ್ತೆ ರಕ್ತ ಕೊಡಲು ಹೊರಟರೆ ಅತ್ತೆ ತಾವೇ ಕುಮಟಾಕ್ಕೆ ಬಂದರು. ಡಾಕ್ಟರ ಎದುರು ಕೂತು ನೇರ ಕೇಳಿದರು, "ಅವಳ ಲೋಟ್ದಲ್ಲಿ ಕುಡಿದ್ರೆ ನಂಗೆ ಬತ್ತದಾ?" ನೆಲ ನೋಡಿದೆ. ಡಾಕ್ಟರ್ ನಗಲಿಲ್ಲ. "ಬರುವುದಿಲ್ಲ. ಒಟ್ಟಿಗೆ ಉಂಡರೂ ಇಲ್ಲ."

ಹೊರಗೆ ಬೆಂಚಿನ ಮೇಲೆ ನನ್ನ ಬಾಟಲಿ ಕಸಿದು ಅರ್ಧ ನೀರು ಕುಡಿದರು. "ಸೆಕೆ ಮಾರಾಯ್ತಿ" ಎಂದರು.

ಮೇ 8

ನನ್ನ ರಿಪೋರ್ಟ್: ಕಾಣುವಷ್ಟಿಲ್ಲ.

ಜೂನ್ 23

ಹೆಣ್ಣು. ಪ್ರಮೋದನ ಮೂಗು. ಅವಳಿಗೂ ಸಿರಪ್ ಶುರು, ವೈರಸ್ ಬರದಿರಲಿ ಎಂದು. ಹಾಲು ಕುಡಿಸಬಹುದು ಎಂದರು, ಆದರೆ ನನ್ನ ಮಾತ್ರೆ ತಪ್ಪಬಾರದು. ಎದೆಗೆ ಹಾಕಿಕೊಳ್ಳುವ ಮೊದಲು ಡಬ್ಬಿಯ ಮಾತ್ರೆ ಎಣಿಸಿದೆ.

ಆಗಸ್ಟ್ 29, ಮಧ್ಯಾಹ್ನ

ಮಗುವಿನ ಮೊದಲ ಟೆಸ್ಟ್ ಬಂತು. ವೈರಸ್ ಇಲ್ಲ. ಇನ್ನೂ ಟೆಸ್ಟುಗಳಿವೆ, ಎದೆಹಾಲು ಬಿಡಿಸಿದ ಮೇಲೂ. ಗೊತ್ತು. ಆದರೂ ಇವತ್ತಿಗೆ ಇಲ್ಲ. ಪ್ರಮೋದ ಹೊನ್ನಾವರದಲ್ಲಿ ರಿಪೇರಿಗೆಂದು ಯಾರದೋ ಫ್ರಿಜ್ ಬಿಚ್ಚಿ ಕೂತಿದ್ದನಂತೆ, ಹಾಗೇ ಬಿಟ್ಟು ಹೊರಟೆ ಎಂದ ಫೋನಿನಲ್ಲಿ. ಅತ್ತೆ ಅಂಗಳದಲ್ಲಿ ಮಗುವನ್ನೆತ್ತಿ ಹಾಡುತ್ತ ತಿರುಗುತ್ತಿದ್ದಾರೆ. ನನಗೆ ಅಳುವುದೋ ನಗುವುದೋ… ಈಗ ಬಾಗಿಲಿಗೆ ಬಂದರು. "ಬರ್ದದ್ದು ಸಾಕೇ, ಹಸುಗೂಸು ಬಾಯಿ ಬಾಯಿ ಬಿಡ್ತದೆ, ತಕಾ, ಹಾಲು —"