ಡ್ರೋನ್ ಬರುವ ತಾರೀಖು

ಬಿಳಿಗೆರೆ
ಬುಧವಾರ

ಡ್ರೋನಿನ ಮೋಹನ್ ಕುಮಾರ್ ಅವರಿಗೆ ನಮಸ್ಕಾರ.

ಸೋಮವಾರ ನೀವು ಪಕ್ಕದ ಈರಣ್ಣನವರ ತೆಂಗಿಗೆ ಔಷಧಿ ಹೊಡೆದು ಡ್ರೋನನ್ನು ಇಳಿಸುವಾಗ, ಕಾಯಿ ಕೀಳುವ ದೋಟಿಯಿಂದ ಅದನ್ನು ಹೊಡೆದು ಕೆಡವಿದವರು ನಮ್ಮ ಯಜಮಾನರು. ತಪ್ಪಾಯಿತು. ಮುರಿದ ರೆಕ್ಕೆಗಳನ್ನು ಚೀಲದಲ್ಲಿ ಕಟ್ಟಿಟ್ಟಿದ್ದೇನೆ.

ಅವರು ಸೇನೆಯಲ್ಲಿದ್ದರು. ಗಡಿಯಲ್ಲಿ ಅವರ ಬಂಕರಿನ ಮೇಲೆ ಬಂದದ್ದೂ ಇಂಥದ್ದೇ ಅಂತೆ. "ಅದೇ ಮಿಷನ್ನು ಕಣೇ, ಕೆಳಗೆ ಕಟ್ಟೋದು ಮಾತ್ರ ಬ್ಯಾರೆ" ಅನ್ನುತ್ತಾರೆ. ಜೊತೆಗಿದ್ದ ಇಬ್ಬರ ವಿಷಯ ಹೇಳುವುದಿಲ್ಲ.

ನಮ್ಮ ಅಟ್ಟದ ಕಾಯಿಗೆ ವರ್ಷ ತುಂಬಿದೆ. ಕೊಬ್ಬರಿ ಆಗಿದೆಯಾ ನೋಡಿ ಅಂತ ನಿನ್ನೆ ಒಂದು ಕಾಯಿಯನ್ನು ಅವರ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಣಗಿದ ಕೊಬ್ಬರಿ ಚಿಪ್ಪು ಬಿಟ್ಟು ಒಳಗೆ ಗಡಗಡ ಅನ್ನುತ್ತಿತ್ತು. ಅವರಿಗೆ ಅದು ಕೇಳಿಸಲಿಲ್ಲ. "ಸುಮ್ಕಿರು, ಬತ್ತಾ ಐತೆ" ಅಂದರು. ಹೊರಗೆ ಹೋಗಿ ನೋಡಿದೆ, ಆಕಾಶದಲ್ಲಿ ಏನೂ ಇರಲಿಲ್ಲ.

ಅದಕ್ಕೇ ಈ ಕಾಗದ. ನೀವು ಈ ಕಡೆ ಬರುವ ತಾರೀಖುಗಳನ್ನು ಮೊದಲೇ ಬರೆದುಕೊಡಿ. ಆ ದಿನ ಅವರನ್ನು ತಿಪಟೂರಿಗೆ ಕರೆದುಕೊಂಡು ಹೋಗುತ್ತೇನೆ. ಮಿಕ್ಕ ದಿನ ಅವರಿಗೆ ಸದ್ದು ಕೇಳಿಸಿದಾಗ, ಇವತ್ತು ಬರಲ್ಲ ಅಂತ ನಿಮ್ಮ ಚೀಟಿ ತೋರಿಸುತ್ತೇನೆ.

ಈರಣ್ಣನವರ ಬೇಲಿಯಾಚೆ ಮನೆಯ
ನಿರ್ಮಲಾ