ಬೀಗದವನ ಮೇಲ್ಮನವಿ

ನವೆಂಬರ್ ೯, ಭಾನುವಾರ

ಪ್ರೀತಿಯ ತಮ್ಮನಿಗೆ,

ಅಕ್ಕ ಮಾಡುವ ಆಶೀರ್ವಾದಗಳು. ನೀನು, ನಿನ್ನ ಹೆಂಡತಿ, ಪುಟ್ಟಿ ಮೂವರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಮೂರು ಸಾಲಿನ ಕಾಗದ ಬಂದು ತಿಂಗಳ ಮೇಲಾಯಿತು. ಅವಸರದಲ್ಲಿ ಪ್ರಶ್ನೆ ಕೇಳಿದವಳು ಉತ್ತರ ಸಿಕ್ಕಿದ ಮೇಲೆ ಪತ್ತೆಯೇ ಇಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಈಗ ಬಡ್ಡಿ ಸಮೇತ ಬರೆಯುತ್ತೇನೆ, ಕೂತು ಓದು.

ಮೊದಲು ಮನೆಯ ಸುದ್ದಿ. ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ಪಕ್ಕದಲ್ಲಿ ನಿಂತು ಕೂಗಿದರೆ ಕೇಳಿಸುವುದಿಲ್ಲ, ಆಚೆ ಕೋಣೆಯಲ್ಲಿ ಪಿಸುಗುಟ್ಟಿದರೆ ಪೂರಾ ಕೇಳಿಸುತ್ತದೆ. ನಿಮ್ಮ ಭಾವ ನಿವೃತ್ತರಾದಾಗಿನಿಂದ ಮನೆಯ ನಲ್ಲಿಗಳ ಮೇಲೆ ಕಣ್ಣು ಹಾಕಿದ್ದಾರೆ. ಅಡುಗೆಮನೆಯ ನಲ್ಲಿ ಹನಿ ಹನಿಯಾಗಿ ತೊಟ್ಟಿಕ್ಕುತ್ತಿತ್ತು, ಇವರು ಸ್ಪ್ಯಾನರ್ ಹಿಡಿದ ಮೇಲೆ ಧಾರೆಯಾಗಿ ಸುರಿಯುತ್ತಿದೆ. ಕೊಳಾಯಿ ರಿಪೇರಿಯವನನ್ನು ಕರೆಸೋಣ ಎಂದರೆ ಮುಖ ಊದಿಸಿಕೊಳ್ಳುತ್ತಾರೆ. ಅದಕ್ಕೇ ಕೆಳಗೆ ಬಕೆಟ್ಟು ಇಟ್ಟು ಸಂಸಾರ ತೂಗಿಸುತ್ತಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಮಾತು ಸಿಕ್ಕಿಕೊಂಡಾಗ ನೀನು ಕಣ್ಣು ಯಾಕೆ ಮುಚ್ಚುತ್ತೀಯ, ಆ ಹೊತ್ತಿನಲ್ಲಿ ಒಳಗೆ ಏನಾಗುತ್ತಿರುತ್ತದೆ ಎಂದು ಕೇಳಿ ಬರೆದಿದ್ದೆನಲ್ಲ, ಅದು ಒಂದು ಕೇಸಿಗಾಗಿ. ಜೊತೆಯಲ್ಲೇ ಆಡಿ ಬೆಳೆದವಳು ನಾನು, ನಿನ್ನ ಉಗ್ಗಿನ ಬಗ್ಗೆ ನಿನ್ನನ್ನೇ ಕೇಳಿದ್ದು ಇದೇ ಮೊದಲು. ಆ ಕೇಸು ಒಬ್ಬ ಬೀಗ ರಿಪೇರಿಯವನದು.

ಒಂದು ಬಟ್ಟೆ ಅಂಗಡಿಯಲ್ಲಿ ಕಳ್ಳತನವಾಯಿತು. ಕಳ್ಳ ಹಿಂದಿನಿಂದ ಬಂದು ಯಜಮಾನನ ತಲೆಗೆ ಹೊಡೆದು ಗಲ್ಲಾಪೆಟ್ಟಿಗೆ ಎತ್ತಿಕೊಂಡು ಹೋದ. ಯಜಮಾನ ಬದುಕಿಕೊಂಡ, ಆದರೆ ಹೊಡೆದವನ ಮುಖ ನೋಡಿರಲಿಲ್ಲ. ಹಿಂದಿನ ಬಾಗಿಲಿನ ಬೀಗವನ್ನು ಒಡೆಯದೆ ನಾಜೂಕಾಗಿ ತೆಗೆದಿದ್ದರು. ಆ ಬೀದಿಯಲ್ಲಿ ಬೀಗ ಬಲ್ಲವನು ಒಬ್ಬನೇ ಇದ್ದ, ಅವನನ್ನೇ ಹಿಡಿದರು. ಆ ಸಂಜೆ ತಾನು ಬೇರೆ ಬಡಾವಣೆಯಲ್ಲಿ ಒಬ್ಬ ಅಜ್ಜಿಯ ಮನೆಯ ಕೆಟ್ಟ ಬಾಗಿಲು ತೆಗೆದುಕೊಡುತ್ತಿದ್ದೆ ಎಂದು ಅವನು ಹೇಳಿದ. ವಿಚಾರಣೆ ಶುರುವಾಗುವ ಮುಂಚೆಯೇ ಅಜ್ಜಿ ತೀರಿಕೊಂಡಿದ್ದಳು. ಹೀಗಾಗಿ ಅವನ ಪಾಲಿಗೆ ಉಳಿದದ್ದು ಅವನ ಮಾತೊಂದೇ, ಆ ಮಾತನ್ನು ನ್ಯಾಯಾಧೀಶರು ನಂಬಲಿಲ್ಲ. ಏಳು ವರ್ಷ ಶಿಕ್ಷೆಯಾಯಿತು.

ನನ್ನ ಪದ್ಧತಿ ನಿನಗೆ ಗೊತ್ತೇ ಇದೆ. ಕೆಳಗಿನ ಕೋರ್ಟಿನಲ್ಲಿ ಜನ ಬಂದು ನಿಲ್ಲುತ್ತಾರೆ, ಅಳುತ್ತಾರೆ, ಸುಳ್ಳು ಹೇಳುತ್ತಾರೆ, ಬೆವರುತ್ತಾರೆ. ಮೇಲ್ಮನವಿಗೆ ಬರುವ ಹೊತ್ತಿಗೆ ಅದೆಲ್ಲ ದಾರ ಹಾಕಿ ಹೊಲಿದ ಕಡತವಾಗಿರುತ್ತದೆ. ಮೇಲ್ಮನವಿ ವಕೀಲರಾದ ನಾವು ಓದುವವರು, ನೋಡುವವರಲ್ಲ. ಮುಖ ನೋಡಿದರೆ ಮನಸ್ಸು ಕರಗುತ್ತದೆ, ಕರಗಿದ ಮನಸ್ಸಿಗೆ ಕಡತದ ತೂತುಗಳು ಕಾಣುವುದಿಲ್ಲ ಎಂದು ನನ್ನ ಗುರುಗಳು ಕಲಿಸಿದ್ದರು. ಇಷ್ಟು ವರ್ಷ ನಾನು ಒಬ್ಬ ಕಕ್ಷಿದಾರನನ್ನೂ ಜೈಲಿಗೆ ಹೋಗಿ ನೋಡಿದವಳಲ್ಲ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು ಎನ್ನು.

ಬೀಗದವನ ತೀರ್ಪಿನಲ್ಲಿ ಒಂದು ಸಾಲಿತ್ತು. ‘ಆರೋಪಿಯು ಪ್ರತಿ ಪ್ರಶ್ನೆಗೂ ಬಹಳ ಹೊತ್ತು ಸುಮ್ಮನಿದ್ದು, ಕಣ್ಣು ಮುಚ್ಚಿ, ಯೋಚಿಸಿ ಯೋಚಿಸಿ ಉತ್ತರಿಸಿದ್ದನ್ನು ಈ ನ್ಯಾಯಾಲಯ ಖುದ್ದಾಗಿ ಗಮನಿಸಿದೆ. ಇದು ಸುಳ್ಳು ಹೆಣೆಯುವವನ ಲಕ್ಷಣ.’ ಇಂಥ ಸಾಲು ಇದ್ದರೆ ನಮ್ಮ ಕೈ ಕಟ್ಟಿಹಾಕಿದ ಹಾಗೆ. ಅವರು ಕಣ್ಣಾರೆ ನೋಡಿದ್ದಾರೆ, ನಾವು ನೋಡಿಲ್ಲ, ಮೇಲಿನ ಪೀಠ ಅದನ್ನು ಸುಲಭಕ್ಕೆ ಮುಟ್ಟುವುದಿಲ್ಲ. ನಾನೂ ಓದಿ, ಇವನು ಕಥೆ ಕಟ್ಟುವ ಆಸಾಮಿಯೇ ಇರಬೇಕು ಎಂದುಕೊಂಡು, ಶಿಕ್ಷೆ ಕಡಿಮೆ ಮಾಡಿ ಎಂದು ಬೇಡುವ ವಾದವನ್ನಷ್ಟೇ ಬರೆಯಲು ಕೂತಿದ್ದೆ.

ಆಗ ಅವನ ಹೆಂಡತಿ ಬಂದಳು. ಹೊಲಿಗೆ ಕೆಲಸದವಳು, ಸೆರಗಿನಲ್ಲಿ ದಾರದ ತುಣುಕುಗಳು ಅಂಟಿಕೊಂಡೇ ಇದ್ದವು. ಅವಳ ಮುಂದೆ ಆ ಸಾಲನ್ನು ಓದಿ ಹೇಳಿದೆ.

“ಅಮ್ಮಾ, ನೀವು ಅವರನ್ನ ನೋಡಿದೀರಾ?” ಎಂದಳು.

“ಇಲ್ಲಮ್ಮ, ನಾವು ನೋಡೋ ಪದ್ಧತಿ ಇಲ್ಲ.”

“ಒಂದ್ಸಲ ಹೋಗಿ ಮಾತಾಡಿಸಿ. ಈ ಕಾಗದದಲ್ಲಿ ಇರೋರು ನಮ್ಮನೆಯವರಲ್ಲ.”

ಎಲ್ಲರ ಹೆಂಡತಿಯರೂ ಹೀಗೇ ಹೇಳುತ್ತಾರೆ, ನಿಜ. ಆದರೆ ಅವಳು ಅಳಲಿಲ್ಲ, ಕೈ ಮುಗಿಯಲಿಲ್ಲ, ನನಗೆ ಬುದ್ಧಿ ಹೇಳುವ ಹಾಗೆ ಹೇಳಿ ಎದ್ದು ಹೋದಳು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮಾರನೆಯ ದಿನ ಜೈಲಿಗೆ ಹೋದೆ.

ಜೈಲಿನ ಭೇಟಿಯ ಕೋಣೆಯಲ್ಲಿ ಒಂದು ಬೆಂಚು, ಒಂದು ಮೇಜು, ಮೂಲೆಯಲ್ಲಿ ಕಾವಲಿನವನು. ಬೀಗದವನು ಸಣಕಲು ಮನುಷ್ಯ, ಬೆರಳು ಮಾತ್ರ ದಪ್ಪ. ಆ ಸಂಜೆ ಎಲ್ಲಿದ್ದೆ ಎಂದು ಕೇಳಿದೆ. ಅವನು ಸುಮ್ಮನಾದ. ತುಟಿ ಬಿಗಿಯಿತು, ಕತ್ತಿನ ನರ ಉಬ್ಬಿತು, ಆಮೇಲೆ ಕಣ್ಣು ಮುಚ್ಚಿಕೊಂಡ.

ಆ ಮುಖವನ್ನು ನಾನು ನಮ್ಮ ಮನೆಯ ಊಟದ ಮೇಜಿನ ಎದುರು ಕೂತು ಎಷ್ಟು ಸಲ ನೋಡಿಲ್ಲ ಹೇಳು. ಕೆಲವರಿಗೆ ಮಾತು ತುಂಡು ತುಂಡಾಗಿ ಬರುತ್ತದೆ, ಅದು ಯಾರಿಗಾದರೂ ತಿಳಿಯುತ್ತದೆ. ನಿನ್ನದರ ಹಾಗೆ ಅವನದೂ ಸದ್ದಿಲ್ಲದ ಉಗ್ಗು, ಗೊತ್ತಿಲ್ಲದವರಿಗೆ ಯೋಚಿಸುತ್ತಿರುವವನ ಹಾಗೆ ಕಾಣುತ್ತಾನೆ. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಕೊನೆಗೆ ಮಾತು ಬಂತು, ಪೂರ್ತಿ ಬಂತು.

“ಉಗ್ಗು ಇದೆ ಅಂತ ಕೋರ್ಟಲ್ಲಿ ಯಾಕಪ್ಪ ಹೇಳಲಿಲ್ಲ?” ಎಂದೆ.

ಮತ್ತೆ ಕಾದೆ. “ಅದನ್ನ ಹೇಳೋದಕ್ಕೂ ಮಾತಾಡ್ಬೇಕಲ್ಲ ಅಮ್ಮಾ” ಎಂದ.

ನಕ್ಕುಬಿಟ್ಟೆ, ಅವನೂ ನಕ್ಕ. ಅವನ ಹಳೆಯ ವಕೀಲರು, ಉಗ್ಗಿದರೆ ಹೆದರಿದ್ದೀಯ ಅಂದುಕೊಳ್ಳುತ್ತಾರೆ, ಆದಷ್ಟು ಚುಟುಕಾಗಿ ಹೇಳು ಎಂದು ಕಲಿಸಿದ್ದರಂತೆ. ಹೆಂಡತಿಯನ್ನು ಕೇಳಿದರೆ, ಎದುರಿಗೆ ಕಾಣೋದನ್ನ ಬಾಯಿಬಿಟ್ಟು ಹೇಳ್ಬೇಕು ಅಂತ ನಮಗೇನು ಗೊತ್ತು ಎಂದಳು. ನೋಡುವವರಿಗೆ ನೋಡಿಯೂ ತಿಳಿಯಲಿಲ್ಲ, ಓದುವವಳು ನೋಡುವುದೇ ಇಲ್ಲ ಎಂದು ಕೂತಿದ್ದಳು. ನಡುವೆ ಅವನು ಜೈಲಿನೊಳಗೆ. ನಿನ್ನ ಹಾಗೆ ಮಾತು ಸಿಕ್ಕಿಕೊಳ್ಳುವವನು ಇನ್ನೊಬ್ಬನಿದ್ದಾನೆ, ನನ್ನ ತಮ್ಮ, ಕಾನೂನು ಓದಿದವನು ಎಂದು ಬೀಗದವನಿಗೆ ಹೇಳಿ, ಮನೆಗೆ ಬಂದು ನಿನಗೆ ಕಾಗದ ಬರೆದೆ.

ಕಳೆದ ಬುಧವಾರ ವಾದವಾಯಿತು. ಇಬ್ಬರು ನ್ಯಾಯಮೂರ್ತಿಗಳ ಪೀಠ, ಹಿರಿಯರು ಕಟ್ಟುನಿಟ್ಟಿನ ಹೆಂಗಸು, ಕನ್ನಡಕದ ಮೇಲಿಂದ ನೋಡುವವರು. ಸರ್ಕಾರದ ಪರ ನಮ್ಮ ಗುಡುಗಪ್ಪ ಇದ್ದರು. ಮೈಕು ಬೇಡದ ಗಂಟಲು ಎಂದು ಅವರಿಗೆ ಆ ಹೆಸರಿಟ್ಟವಳು ನಾನೇ, ಅವರಿಗೂ ಗೊತ್ತು. ಬೀಗದವನ ಚಿಕ್ಕಂದಿನ ಮೇಷ್ಟರನ್ನು ಹುಡುಕಿ ಅವರ ಪ್ರಮಾಣಪತ್ರ ತಂದಿದ್ದೆ. ಈ ಹುಡುಗನಿಗೆ ಪಾಠ ಒಪ್ಪಿಸಲು ಆಗುತ್ತಿರಲಿಲ್ಲ, ಕರಿಹಲಗೆಯ ಮೇಲೆ ಬರೆಸುತ್ತಿದ್ದೆ ಎಂದು ಅವರು ಹೇಳಿದ್ದರು. ಅದನ್ನು ಹೊಸ ಸಾಕ್ಷ್ಯವಾಗಿ ತೆಗೆದುಕೊಳ್ಳಬೇಕು ಎಂದು ಕೇಳಿದೆ.

“ಮೇಷ್ಟರಿಗೆ ಶಿಷ್ಯನ ಮೇಲೆ ಪ್ರೀತಿ ಇರುತ್ತೆ, ಸ್ವಾಮಿ” ಎಂದರು ಗುಡುಗಪ್ಪ. “ಏಳು ವರ್ಷ ಒಳಗಿರಬೇಕು ಅಂದ್ರೆ ಯಾರಿಗೆ ಬೇಕಾದ್ರೂ ಉಗ್ಗು ಬರುತ್ತೆ.”

ಕೋರ್ಟಿನಲ್ಲಿ ನಗು ಎದ್ದಿತು. ನಾನು ನಿನ್ನ ಮೂರು ಸಾಲು ಓದಿದೆ. ‘ಆ ಹೊತ್ತಿನಲ್ಲಿ ನಾವು ಯೋಚಿಸುತ್ತಿರುವುದಿಲ್ಲ ಅಕ್ಕ. ಉತ್ತರ ಆಗಲೇ ಬಾಯಿಗೆ ಬಂದು ನಿಂತಿರುತ್ತದೆ, ಬಾಗಿಲು ತೆರೆಯುವುದಿಲ್ಲ. ಎದುರಿನವರು ನೋಡುತ್ತಿರುವುದನ್ನು ನೋಡಲಾಗದೆ ಕಣ್ಣು ಮುಚ್ಚುತ್ತೇವೆ.’ ಅಕ್ಕ ಅನ್ನುವ ಪದ ನುಂಗಿಕೊಂಡು ಓದಿದೆ, ಅಷ್ಟೆ. ನಗು ನಿಂತಿತು.

“ಇದು ಯಾರ ಮಾತು?” ಎಂದು ಹಿರಿಯ ನ್ಯಾಯಮೂರ್ತಿಗಳು ಕೇಳಿದರು.

“ನನಗಿಂತ ಚೆನ್ನಾಗಿ ಕಾನೂನು ಬಲ್ಲವರೊಬ್ಬರದು. ಇದು ಸಾಕ್ಷ್ಯ ಅಲ್ಲ, ನನ್ನ ವಾದ ಅಂತಲೇ ತಗೊಳ್ಳಿ” ಎಂದೆ. ಸುಳ್ಳು ಹೇಳಲಿಲ್ಲ. ತೀರ್ಪುಗಳನ್ನು ಅಚ್ಚು ಹಾಕುವ ನಿಮ್ಮ ಕಾನೂನು ಪತ್ರಿಕೆಯಲ್ಲಿ ಪ್ರತಿ ತೀರ್ಪಿನ ನೆತ್ತಿಯ ಮೇಲೆ ನೀನು ಬರೆಯುವ ಸಾರಾಂಶವನ್ನು ಹಿಡಿದುಕೊಂಡೇ ನಾನೂ ಗುಡುಗಪ್ಪನೂ ಕಿತ್ತಾಡುವುದು.

ಅವರು ಪಕ್ಕದವರ ಜೊತೆ ಮಾತಾಡಿ, ನನ್ನ ಅರ್ಜಿಯ ಮೇಲೆ ಜೈಲಿನಿಂದ ಕರೆತಂದು ಹಿಂದೆ ಕೂರಿಸಿದ್ದ ಬೀಗದವನನ್ನು ಮುಂದೆ ಬರಲು ಹೇಳಿದರು. ಮೇಲಿನ ಕೋರ್ಟಿನಲ್ಲಿ ಹೀಗೆ ಕರೆಸಿದ್ದನ್ನು ನಾನು ನೋಡಿರಲೇ ಇಲ್ಲ. ಆ ಸಂಜೆ ಎಲ್ಲಿದ್ದೆ ಎಂದು ಅದೇ ಪ್ರಶ್ನೆ ಕೇಳಿದರು. ಅವನು ಕಣ್ಣು ಮುಚ್ಚಿದ. ಫ್ಯಾನು ತಿರುಗುವ ಸದ್ದು, ಕಿಟಕಿಯ ಮೇಲಿನ ಪಾರಿವಾಳದ ಸದ್ದು, ಬೇರೇನೂ ಇಲ್ಲ. ಯಾರೋ ಕೆಮ್ಮಿದರು. ಅವನ ವಾಕ್ಯ ನನ್ನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಕಡತದ ದಾರವನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ತಡೆದುಕೊಂಡೆ. ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಪೆನ್ನು ಕೆಳಗಿಟ್ಟರು.

“ನಾವು ಕಾಯ್ತೀವಿ. ನಿಮಗೆ ಎಷ್ಟು ಹೊತ್ತು ಬೇಕೋ ಅಷ್ಟು ತಗೊಳ್ಳಿ” ಎಂದರು.

ಕಾದರು. ಇಡೀ ಕೋರ್ಟು ಕಾಯಿತು. ಅವನು ಅಜ್ಜಿಯ ಮನೆ, ಒಳಗಿನಿಂದ ಸಿಕ್ಕಿಕೊಂಡ ಚಿಲಕ, ಅಜ್ಜಿ ಕಿಟಕಿಯಿಂದ ಕೊಟ್ಟ ನೀರಿನ ಲೋಟ, ಎಲ್ಲ ಹೇಳಿದ. ಕೆಳಗಿನ ಕೋರ್ಟಿನಲ್ಲಿ ಹೇಳಿದ್ದೂ ಅದೇ, ಒಂದು ಮಾತೂ ಹೆಚ್ಚುಕಡಿಮೆ ಇರಲಿಲ್ಲ. ಮುಗಿದ ಮೇಲೆ ಗುಡುಗಪ್ಪ ಎದ್ದರು. ಏನು ಬಾಂಬು ಹಾಕುತ್ತಾರೋ ಎಂದುಕೊಂಡೆ. “ನನಗೆ ಹೇಳೋಕೆ ಹೆಚ್ಚೇನೂ ಇಲ್ಲ, ಸ್ವಾಮಿ” ಎಂದು ಮೆಲ್ಲಗೆ ಹೇಳಿ ಕೂತರು. ಅವರಿಗೆ ಅಷ್ಟು ಮೆಲ್ಲಗೆ ಮಾತಾಡಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಶುಕ್ರವಾರ ಆದೇಶ ಬಂತು. ಶಿಕ್ಷೆ ರದ್ದು. ಬೇರೆ ನ್ಯಾಯಾಧೀಶರ ಮುಂದೆ ಮೊದಲಿನಿಂದ ವಿಚಾರಣೆಯಾಗಬೇಕು, ಅಲ್ಲಿಯವರೆಗೆ ಜಾಮೀನಿನ ಮೇಲೆ ಬಿಡಬೇಕು. ಪೂರ್ತಿ ಬಿಡುಗಡೆ ಅಲ್ಲ, ನಿಜ, ಅಜ್ಜಿಯ ನೆರೆಹೊರೆಯವರನ್ನೆಲ್ಲ ಹುಡುಕಬೇಕು, ಕೆಲಸ ಬೆಟ್ಟದಷ್ಟಿದೆ. ಆದರೂ ಆ ಸಂಜೆ ಅವನು ಮನೆಯಲ್ಲಿ ಮಲಗಿದ. ನಿನ್ನೆ ಗಂಡಹೆಂಡಿರು ಮನೆಗೆ ಬಂದಿದ್ದರು. ಅವನು ಕೂತಲ್ಲಿಂದ ಅಡುಗೆಮನೆಯ ನೀರಿನ ಸದ್ದು ಕೇಳಿಸಿಕೊಂಡು, ನಿಮ್ಮ ಭಾವನ ಮುಖ ನೋಡಿ, ಸುಮ್ಮನಾದ. ಒಳ್ಳೆಯ ಮನುಷ್ಯ ಎಂದು ಆಗಲೇ ಗೊತ್ತಾಯಿತು.

ಗುರುಗಳ ಪಾಠ ತಪ್ಪೆಂದು ನಾನು ಹೇಳುವುದಿಲ್ಲ. ಮೊದಲು ಕಡತ ಓದುತ್ತೇನೆ, ಆಮೇಲೆ ಹೋಗಿ ನೋಡುತ್ತೇನೆ. ಇನ್ನುಮೇಲೆ ಅದೇ ನನ್ನ ಪದ್ಧತಿ. ಈ ವಯಸ್ಸಿನಲ್ಲಿ ಜೈಲು ಸುತ್ತುವ ಯೋಗ ಬಂತಲ್ಲ ಎಂದು ಅಮ್ಮ ಹಣೆ ಚಚ್ಚಿಕೊಂಡಳು.

ಪುಟ್ಟಿಗೆ ನನ್ನ ಮುತ್ತು. ನಿನ್ನ ಹೆಂಡತಿಗೆ ಹೇಳು, ಈ ಉದ್ದದ ಕಾಗದ ಅವಳೂ ಓದಲಿ, ಬೈಯುವುದಿದ್ದರೆ ಇಬ್ಬರೂ ಸೇರಿ ಬೈಯಿರಿ. ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣು ಕೆಡಿಸಿಕೊಳ್ಳಬೇಡ, ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಬಾಯಿಬಡುಕಿ,
ಅಕ್ಕ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನೀನು ಕರಿಕೋಟು ಹಾಕಿ ಕೋರ್ಟಿನಲ್ಲಿ ಎದ್ದು ನಿಂತ ಆ ಒಂದೇ ಒಂದು ದಿನದ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನಾನು ಹಿಂದಿನ ಬೆಂಚಿನಲ್ಲಿದ್ದೆ. ನೀನು ಕಣ್ಣು ಮುಚ್ಚಿದೆ, ಜನ ನಕ್ಕರು, ನ್ಯಾಯಾಧೀಶರು ಗಡಿಯಾರ ನೋಡಿ ಮುಂದಿನ ಕೇಸು ಕರೆಸಿದರು. ಮನೆಗೆ ಬರುವಾಗ ಬಸ್ಸಿನಲ್ಲಿ ನೀನು ಕೋಟನ್ನು ಮಡಿಸಿ ನನ್ನ ಮಡಿಲಿಗೆ ಹಾಕಿದೆ, ಮತ್ತೆಂದೂ ಅದನ್ನು ಕೇಳಲಿಲ್ಲ. ಅವನಿಗೆ ಬರೆಯೋದೇ ಇಷ್ಟ ಎಂದು ಬಂಧುಗಳಿಗೆಲ್ಲ ಹೇಳಿಕೊಂಡು ಬಂದೆವು. ಬುಧವಾರ ಇಡೀ ಕೋರ್ಟು ಕಾಯುತ್ತಿದ್ದಾಗ ನಾನು ಬೀಗದವನನ್ನು ನೋಡುತ್ತಿರಲಿಲ್ಲ ಕಣೋ, ನಿನ್ನನ್ನೇ ನೋಡುತ್ತಿದ್ದೆ. ಅವತ್ತು ನಿನಗೂ ಒಬ್ಬರು ಹೀಗೆ ಕಾದಿದ್ದರೆ ಎಂದುಕೊಂಡೆ.

ನಿನ್ನೆ ಬೀಗದವನು ಹೋಗುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ. ಹೊಸ ವಿಚಾರಣೆಗೆ ನಿಮ್ಮ ತಮ್ಮನವರು ನನ್ನ ಪರ ನಿಲ್ಲಲಿ ಎಂದ. ಅವನು ಕೋರ್ಟಿಗೆ ಹೋಗೋದಿಲ್ಲಪ್ಪ ಎಂದೆ. ಕೇಳಿ ನೋಡಿ ಎಂದ. ನಿನ್ನ ವಕೀಲಿಕೆಯ ಸನ್ನದು ಎಂದೋ ರದ್ದಾಗಿ ಹೋಗಿರುತ್ತದೆ ಎಂದುಕೊಂಡು ವಕೀಲರ ಸಂಘದ ಗುಮಾಸ್ತರನ್ನು ಫೋನಿನಲ್ಲೇ ವಿಚಾರಿಸಿದರೆ, “ಅವರು ವರ್ಷ ವರ್ಷ ತಪ್ಪದೆ ಉಳಿಸ್ಕೊಂಡು ಬಂದಿದಾರಲ್ಲಮ್ಮ, ನಿಮಗೆ ಗೊತ್ತಿಲ್ವಾ?” ಎಂದರು. ನನಗೆ ಗೊತ್ತಿರಲಿಲ್ಲ ಮರಿ.

ಕೋಟು ನನ್ನ ಬೀರುವಿನಲ್ಲೇ ಇದೆ. ಬರುತ್ತೀಯೋ ಇಲ್ಲವೋ, ಈ ಒಂದು ಉತ್ತರವನ್ನು ಬರೆದು ಕಳಿಸಬೇಡ, ಫೋನ್ ಮಾಡು. ನಾನು ಎತ್ತಿಕೊಂಡು, ಏನೂ ಮಾತಾಡದೆ, ಕಾಯುತ್ತಿರುತ್ತೇನೆ.