ಪಟ್ಟಿಯಲ್ಲಿಲ್ಲದ ಹೆಸರು

ಧಾರವಾಡ, ಮಾಳಮಡ್ಡಿ
ಫೆಬ್ರವರಿ ಮೂವತ್ತು, 2188

ಪೂಜ್ಯ ವನಮಾಲಜ್ಜಿಯವರಿಗೆ, ನಿಮ್ಮ ಮರಿಮಗಳ ಮೊಮ್ಮಗಳು ತಾರಿಣಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿದ ಐದಾರು ದಿನಗಳಿಗೆ ಹೆಸರೇ ಇಲ್ಲ, ಆಗ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ನನ್ನ ಮಾತಿನಲ್ಲಿ ನಿಮಗೆ ಹೊಸದೆನಿಸುವ ಶಬ್ದಗಳು ಬಂದರೆ ಕ್ಷಮಿಸಿ, ಬಂದಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ಇನ್ನೊಂದು ಸಂಕೋಚವೂ ಇದೆ. ಈ ಪತ್ರ ನಿಮ್ಮ ಕೈ ಸೇರುವ ದಿನ ನಿಮಗೆ ಮೂವತ್ತಾರು ವರ್ಷ, ನನಗೆ ನಲವತ್ತೇಳು. ಆದರೂ ಅಜ್ಜಿಯನ್ನು ಅಜ್ಜಿ ಎನ್ನದೆ ಬೇರೆ ಏನೆನ್ನಲಿ?

ನಮ್ಮಲ್ಲಿ ಹಿಮ್ಮುಖ ಟಪಾಲು ಎಂಬುದೊಂದಿದೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರವನ್ನು ಹಿಂದಿನ ಕಾಲಕ್ಕೆ ಕಳಿಸಲು ಅನುಮತಿ. ಅದರಿಂದ ಏನೂ ಬದಲಾಗುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಹೆಚ್ಚಿನವರು ತಮ್ಮ ಬಾಲ್ಯಕ್ಕೆ ಬರೆದುಕೊಳ್ಳುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನೀವು ಮನೆ ಹುಡುಕುತ್ತಿದ್ದೀರಿ.

ನನಗೆ ಹೇಗೆ ಗೊತ್ತೆಂದರೆ, ನಿಮ್ಮ ನೀಲಿ ರಟ್ಟಿನ ನೋಟ್‌ಬುಕ್ಕು ತಾಯಿಯಿಂದ ಮಗಳಿಗೆ ದಾಟುತ್ತ ಬಂದು ಈಗ ನನ್ನ ತೊಡೆಯ ಮೇಲಿದೆ. ನೀವು ನೋಡಿದ ಹದಿನಾರು ಮನೆಗಳೂ ಅದರಲ್ಲಿವೆ. ಮೂರನೆಯದಕ್ಕೆ 'ಅಡುಗೆಮನೆಯಲ್ಲಿ ಒಬ್ಬರು ತಿರುಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು' ಎಂದು ಬರೆದಿದ್ದೀರಿ. ಒಂಬತ್ತನೆಯದಕ್ಕೆ 'ಮನೆ ಚೆನ್ನಾಗಿದೆ, ಮಾಲೀಕರ ಮುಖ ಚೆನ್ನಾಗಿಲ್ಲ' ಎಂದು. ಓದಿ ಒಬ್ಬಳೇ ನಕ್ಕಿದ್ದೇನೆ. ಆಮೇಲೆ ಹದಿನೇಳನೆಯ ಮನೆಯ ಪುಟ ಬರುತ್ತದೆ. ಅಲ್ಲಿಗೆ ಆಮೇಲೆ ಬರುತ್ತೇನೆ, ಮೊದಲು ನಮ್ಮ ಕಥೆ ಕೇಳಿ.

ಕಡಲು ಕರಾವಳಿಯ ಊರುಗಳನ್ನು ನುಂಗಿದ ಮೇಲೆ ಜನವೆಲ್ಲ ಘಟ್ಟ ಹತ್ತಿ ಇತ್ತ ಬಂದರು. ಧಾರವಾಡದಲ್ಲಿ ಈಗ ಹತ್ತರಲ್ಲಿ ಒಂಬತ್ತು ಮಂದಿ ಗೂಡುಸಾಲಿನಲ್ಲಿರುತ್ತಾರೆ. ಗೂಡುಸಾಲೆಂದರೆ ಒಂದರ ಮೇಲೊಂದು ಪೇರಿಸಿದ ಕೋಣೆಗಳು, ಎರಡು ಸಂಸಾರಕ್ಕೆ ಒಂದು ಕಿಟಕಿ. ಬೆಳಗ್ಗೆ ಕಿಟಕಿ ನಮ್ಮದು, ಮಧ್ಯಾಹ್ನದ ಮೇಲೆ ಪಕ್ಕದವರದು. ನಾವು ಹನ್ನೊಂದನೆಯ ಸಾಲಿನಲ್ಲಿದ್ದೆವು: ನಾನು, ಗಂಡ ಮಹಾಂತ, ಮಗಳು ಬಕುಳಾ, ಮತ್ತು ನನ್ನ ಅವ್ವ. ಅವ್ವ ಎಂಟು ವರ್ಷದವಳಿದ್ದಾಗ ನೆಲದ ಮೇಲಿನ ಮನೆ ಬಿಟ್ಟು ಗೂಡು ಹತ್ತಿದವಳು. ಸಾಯುವ ಮುಂಚೆ ಇನ್ನೊಮ್ಮೆ ಮಣ್ಣು ಮುಟ್ಟಿ ಏಳುವ ಮನೆಯಲ್ಲಿರಬೇಕು ಎಂಬುದು ಅವಳ ಒಂದೇ ಆಸೆ. ಅವಳಿಗಾಗಿಯೇ ನಾವು ಏಳು ವರ್ಷ ನೆಲಮನೆ ಹುಡುಕಿದೆವು.

ನಮ್ಮಲ್ಲಿ ಮನೆಯ ಬೆಲೆಯನ್ನು ಮನೆಮಂಡಳಿಯೇ ಗೊತ್ತುಮಾಡಿಬಿಡುತ್ತದೆ. ಹೆಚ್ಚು ಕೊಟ್ಟು ಗೆಲ್ಲುವಂತಿಲ್ಲ. ಅದಕ್ಕೆ ಒಲೆಸರದಿ ಎಂಬ ಪದ್ಧತಿ ಬಂದಿದೆ. ಮನೆ ಬೇಕಾದವರು ಸರದಿಯ ಮೇಲೆ ಒಂದೊಂದು ದಿನ ಅದೇ ಮನೆಯ ಒಲೆ ಹಚ್ಚಿ ಅಡುಗೆ ಮಾಡಿ, ಮಾರುವವರಿಗೆ ಬಡಿಸಬೇಕು. ಉಂಡವರು ತಮಗೆ ಒಪ್ಪಿದ ಸಂಸಾರಕ್ಕೆ ಮನೆ ಕೊಡುತ್ತಾರೆ. ಸರದಿಗೆ ನಿಲ್ಲುವ ಮುಂಚೆ ಮನೆಮಂದಿಯ ಪಟ್ಟಿ ಬರೆದು ಕೊಡಬೇಕು. ಹಿಂದೆ ಮೂವರೆಂದು ಹೇಳಿ ಮೂವತ್ತು ಮಂದಿ ತುಂಬಿಕೊಂಡವರಿದ್ದರಂತೆ. ಹಾಗಾಗಿ ಪಟ್ಟಿಯಲ್ಲಿಲ್ಲದವರು ಒಂದು ವರ್ಷ ಆ ಮನೆಯ ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಬಾಗಿಲ ಚೌಕಟ್ಟೇ ಮಂಡಳಿಗೆ ಸುದ್ದಿ ಮುಟ್ಟಿಸುತ್ತದೆ, ಮನೆ ಕೈತಪ್ಪುತ್ತದೆ.

ನಿಮ್ಮ ಕಾಲದಿಂದ ನಮ್ಮ ಕಾಲದವರೆಗೆ ಕೂದಲೂ ಕೊಂಕದೆ ಉಳಿದು ಬಂದವರೆಂದರೆ ದಲಾಲರು. ನಮ್ಮ ದಲಾಲ ಶಂಕ್ರೆಪ್ಪ ಒಂದು ದಿನ ಓಡಿ ಬಂದು ಮಾಳಮಡ್ಡಿಯಲ್ಲಿ ಹಿತ್ತಲಿರುವ ಮನೆಯೊಂದು ಬಂದಿದೆ, ಆಗಲೇ ಹತ್ತೊಂಬತ್ತು ಸಂಸಾರ ಸರದಿಗೆ ನಿಂತಿವೆ ಎಂದ. ಪಟ್ಟಿಯಲ್ಲಿ ಅವ್ವನ ಹೆಸರು ನೋಡಿ ತಲೆ ಅಲ್ಲಾಡಿಸಿದ. "ವಯಸ್ಸಾದವ್ರು ಅದಾರ ಅಂದ್ರ ಮಾರೋರು ಹಿಂದ ಸರೀತಾರ್ರೀ. ತಮ್ಮ ಮನ್ಯಾಗ ಲಗೂನ ಸಾವು ಆಗೋದು ಯಾರಿಗೆ ಬೇಕಾಗ್ಯದ? ಮೂರ ಹೆಸರು ಬರೀರಿ."

ನಾನು ಆಗುವುದಿಲ್ಲ ಎಂದೆ. ಆದರೆ ಎಷ್ಟು ಗಟ್ಟಿಯಾಗಿ ಎಂದೆನೋ ನನಗೇ ಅನುಮಾನ. ಮೂಲೆಯಲ್ಲಿ ಕೂತಿದ್ದ ಅವ್ವ ಮಾತು ತೆಗೆದಳು. "ನನ್ನ ಹೆಸರು ಬರೀಬ್ಯಾಡ ಮಗಳ. ಒಂದು ವರ್ಷ ಅಲ್ಲೇನು, ನೋಡ್‌ನೋಡೂದ್ರಾಗ ಹೋಗ್ತದ. ಅಲ್ಲೀತನಾ ನಾ ಇಲ್ಲೇ ಇರ್ತೇನಿ." ಅಷ್ಟು ಕೇಳಿದ್ದೇ ನನಗೆ ಸಾಕಾಯಿತು, ಮೂರೇ ಹೆಸರು ಬರೆದುಕೊಟ್ಟೆ. ಎಂಬತ್ತು ವರ್ಷದವಳಿಗೆ ಒಂದು ವರ್ಷ ಎಂದರೆ ಎಷ್ಟು ಎಂದು ಯೋಚಿಸಬೇಕಾದವಳು ನಾನು, ಯೋಚಿಸಲಿಲ್ಲ.

ಮಾರುವವರು ಗುರುಪಾದಪ್ಪ ಎಂಬ ಹಿರಿಯರು, ಹೆಂಡತಿ ತೀರಿಕೊಂಡ ಮೇಲೆ ಮಗಳ ಊರಿಗೆ ಹೊರಟವರು. ನಮ್ಮ ಸರದಿಯ ದಿನ ನಾನು ಜೋಳದ ರೊಟ್ಟಿ ಬಡಿದೆ, ಹುಳಿ ಸೊಪ್ಪಿನ ಪುಂಡಿಪಲ್ಯ ಮಾಡಿದೆ. ಜೊತೆಗೆ ಅವ್ವ ನಾಲ್ಕು ದಿನ ಮೊದಲೇ ಕೆಂಪು ಮೆಣಸಿನಕಾಯಿ ಅರೆದು ಮಾಡಿಕೊಟ್ಟಿದ್ದ ರಂಜಕವಿತ್ತು. ಅವರು ರೊಟ್ಟಿಯ ತುದಿಗೆ ರಂಜಕ ಹಚ್ಚಿ ಬಾಯಿಗಿಟ್ಟು ಮತ್ತಷ್ಟು ರಂಜಕ ಹಾಕಿಸಿಕೊಂಡರು. ಆಮೇಲೆ "ರಂಜಕಾ ಯಾರು ಮಾಡ್ಯಾರ್ರೀ? ನಮ್ಮನಿಯಾಕಿದು ಹಿಂಗ ಇರ್ತಿತ್ತು" ಎಂದರು. ನಾನೇ ಮಾಡಿದ್ದು ಎಂದೆ. ಮನೆಯಲ್ಲಿ ಹಿರಿಯರು ಯಾರೂ ಇಲ್ಲವೇ ಎಂದು ಕೇಳಿದರು. ಇಲ್ಲ ಎಂದೆ. ಪಕ್ಕದಲ್ಲಿದ್ದ ಬಕುಳಾ ನನ್ನ ಮುಖ ನೋಡಿದಳು.

ಮನೆ ನಮಗೇ ಸಿಕ್ಕಿತು. ನಾಲ್ಕು ಹೆಸರು ಬರೆದಿದ್ದರೂ ಆ ರಂಜಕಕ್ಕೇ ಅವರು ಮನೆ ಕೊಡುತ್ತಿದ್ದರೋ ಏನೋ. ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಅವ್ವ ಗೂಡಿನಲ್ಲೇ ಉಳಿದಳು. ಭಾನುವಾರಕ್ಕೊಮ್ಮೆ ಬಕುಳಾ ಅವಳನ್ನು ಕರೆತರುತ್ತಿದ್ದಳು. ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತು, ಒಳಗೆ ಇಣುಕಿದರೆ ಎಲ್ಲಿ ಚೌಕಟ್ಟು ಕೂಗಿಬಿಡುತ್ತದೋ ಎಂದು ಸೀರೆಯ ಸೆರಗನ್ನೂ ತನ್ನತ್ತ ಎಳೆದುಕೊಳ್ಳುತ್ತಿದ್ದಳು. ಹಿತ್ತಲು ಮನೆಯ ಹಿಂದಿದೆ, ಒಳಗಿನಿಂದಲ್ಲದೆ ದಾರಿಯಿಲ್ಲ. ಸೆರಗಿನ ಗಂಟು ಬಿಚ್ಚಿ ಪುಂಡಿಬೀಜ ಕೊಟ್ಟು ಬಿತ್ತಲು ಹೇಳಿದಳು. ಬಂದಾಗೆಲ್ಲ ಕೇಳುವುದು ಅದನ್ನೇ: "ಒಲಿ ಮುಂದ ನಿಂತ್ರ ಹಿತ್ತಲ ಕಾಣ್ತದೇನ?" ಕಾಣುತ್ತದೆ ಎಂದರೆ ಮುಂದಿನ ವಾರ ಮತ್ತೆ ಅದೇ ಪ್ರಶ್ನೆ. ಪುಂಡಿ ಮೊಣಕಾಲೆತ್ತರ ಬಂದಾಗ ಒಂದು ಬೊಗಸೆ ಮಣ್ಣನ್ನು ಬೇರಿನ ಸಮೇತ ತಂದು ಅವಳ ಕೈಗಿಟ್ಟೆ. ಮೂಸಿ ನೋಡಿ ಮಗುವಿನಂತೆ ನಕ್ಕಳು.

ವರ್ಷ ತುಂಬಲು ಮೂವತ್ತನಾಲ್ಕು ದಿನ ಇರುವಾಗ ಅವ್ವ ಹನ್ನೊಂದನೆಯ ಸಾಲಿನಲ್ಲಿ ತೀರಿಕೊಂಡಳು. ಅದು ಮಧ್ಯಾಹ್ನ, ಕಿಟಕಿ ಪಕ್ಕದವರ ಪಾಲಿಗೆ ಹೋಗಿತ್ತು. ಮಣ್ಣಿಗೆ ಒಯ್ಯುವ ಮೊದಲು ಅವಳನ್ನು ನಮ್ಮ ಮನೆಗೆ ತಂದೆವು, ಕಟ್ಟೆಯವರೆಗೆ. ಹೆಣಕ್ಕೂ ಅದೇ ಕಾನೂನು. ನಾನು ಒಳಗಿನಿಂದ, ಅವಳು ಹೊರಗಿನಿಂದ, ನಡುವೆ ಒಂದು ಹೊಸ್ತಿಲು. ಅಲ್ಲಿ ಕೂತು ಅತ್ತಷ್ಟು ನಾನು ಎಂದೂ ಅತ್ತಿಲ್ಲ. ಮನೆಯ ಮೇಲೆ ನನಗೆ ಸಿಟ್ಟಿಲ್ಲ. ಮನೆ ಒಳ್ಳೆಯದು, ಬೆಳಕಿದೆ, ಗಾಳಿಯಿದೆ. ಯಾರಿಗಾಗಿ ಹುಡುಕಿದೆನೋ ಅವಳನ್ನೇ ಬಿಟ್ಟು ಗೆದ್ದ ನನ್ನ ಮೇಲೆ ಸಿಟ್ಟಿದೆ.

ಅವಳ ಪೆಟ್ಟಿಗೆ ತೆರೆದಾಗ ನಿಮ್ಮ ನೋಟ್‌ಬುಕ್ಕು ಸಿಕ್ಕಿತು. ಹದಿನೇಳನೆಯ ಮನೆಯ ಪುಟದಲ್ಲಿ ನೀವು ಬರೆದದ್ದು ನನಗೆ ಬಾಯಿಪಾಠವಾಗಿದೆ: 'ಮೂರನೇ ಮಹಡಿ, ಲಿಫ್ಟ್ ಇಲ್ಲ. ಆದರೆ ಇಂಥ ಮನೆ ಮತ್ತೆ ಸಿಗುವುದಿಲ್ಲ. ಇನ್ನೂ ನಾಲ್ಕು ಜನ ಕಾದಿದ್ದಾರೆ. ಅತ್ತೆಯವರ ಮಂಡಿಗೆ ಮೆಟ್ಟಿಲು ಆಗದು, ಸದ್ಯಕ್ಕೆ ಮೈದುನನ ಮನೆಯಲ್ಲಿರಲಿ ಅಂತಾರೆ ಇವರು. ಅತ್ತೆಯವರೂ ಹೂಂ ಅಂದಿದ್ದಾರೆ. ನಾಳೆ ಹತ್ತು ಗಂಟೆಯೊಳಗೆ ಬ್ರೋಕರಿಗೆ ಹೇಳಬೇಕು.' ಅಲ್ಲಿಂದ ಮುಂದೆ ಎಲ್ಲ ಪುಟ ಖಾಲಿ. ನೀವು ಏನು ಹೇಳಿದಿರೆಂದು ನಮ್ಮ ಮನೆತನದಲ್ಲಿ ಯಾರಿಗೂ ಗೊತ್ತಿಲ್ಲ.

ಈ ಪತ್ರ ಆ 'ನಾಳೆ'ಯ ಬೆಳಗ್ಗೆ, ಹತ್ತು ಗಂಟೆಗೆ ಮೊದಲೇ ನಿಮ್ಮ ಕೈ ಸೇರುವಂತೆ ಕಳಿಸುತ್ತಿದ್ದೇನೆ. ಅಜ್ಜಿ, ಅತ್ತೆಯವರ ಹೂಂ ನಂಬಬೇಡಿ. ನಮಗೆ ತೊಂದರೆಯಾಗಬಾರದೆಂದು ಅವರು ಹೇಳುವ ಮಾತನ್ನು ನಾವು ಅನುಮತಿ ಎಂದುಕೊಳ್ಳುತ್ತೇವೆ. ಹದಿನೆಂಟನೆಯ ಮನೆ ನೋಡಿ. ಅದು ಚಿಕ್ಕದಿರಲಿ, ರಸ್ತೆಯ ಗದ್ದಲ ಇರಲಿ, ಅವರು ತಮ್ಮ ಕಾಲ ಮೇಲೆ ನಡೆದು ಒಳಗೆ ಬರುವಂತಿರಲಿ.

ಹಾಗೆ ಮಾಡುವುದಾದರೆ ಮುಂದಿನ ಪುಟದಲ್ಲಿ ಅತ್ತೆಯವರ ಹೆಸರು ಬರೆಯಿರಿ, ಅಷ್ಟು ಸಾಕು. ಪತ್ರವನ್ನು ಟಪಾಲಿಗೆ ಕೊಟ್ಟು ಬಂದು, ಹಿತ್ತಲು ಕಾಣುವ ಒಲೆಯ ಮುಂದೆ ನಿಂತು, ನಾನು ಆ ಪುಟ ತೆರೆದು ನೋಡುತ್ತೇನೆ.

ನಿಮ್ಮವಳೇ ಆದ
ತಾರಿಣಿ